ಅಳಿವೆಯ ನೀರಿನಲ್ಲಿ ಅರ್ಧ ದಿನ: ಫ್ಲಾರಿಡಾದ ಇನ್‌ಶೋರ್ ಮೀನುಗಾರಿಕೆ ಚಾರ್ಟರ್ ಹೇಗೆ ನಡೆಯುತ್ತದೆ

ಅಮೆರಿಕದ ಫ್ಲಾರಿಡಾ ರಾಜ್ಯದ ಪಶ್ಚಿಮ ದಡದಲ್ಲಿರುವ ಟ್ಯಾಂಪಾ, ಸೇಂಟ್ ಪೀಟರ್ಸ್‌ಬರ್ಗ್, ಬ್ರಾಡೆಂಟನ್ ಕಡೆಗೆ ರಜೆಯಲ್ಲಿ ಹೋಗುವ ಕನ್ನಡಿಗರು, ಅಲ್ಲಿ ನೆಲೆಸಿರುವ ಮಕ್ಕಳ ಮನೆಗೆ ಹೋಗಿಬರುವ ತಂದೆ-ತಾಯಂದಿರು ಈಗ ಕಡಿಮೆಯಿಲ್ಲ. ಥೀಮ್ ಪಾರ್ಕು, ಬೀಚುಗಳ ಸುತ್ತಾಟ ಮುಗಿದ ಮೇಲೆ ಯಾರಾದರೊಬ್ಬರು ಮೀನು ಹಿಡಿಯುವ ದೋಣಿಯೊಂದನ್ನು ಅರ್ಧ ದಿನಕ್ಕೆ ಗೊತ್ತುಮಾಡುತ್ತಾರೆ. ಆಮೇಲೆ ಫೋನಿಗೆ ಬರುವ ಸಂದೇಶದಲ್ಲಿ ಇನ್‌ಶೋರ್, ಹಾಫ್ ಡೇ, ಲೈವ್ ಬೇಟ್, ಸ್ಲಾಟ್, ಕ್ಯಾಚ್ ಅಂಡ್ ರಿಲೀಸ್ ಎಂಬ ಪದಗಳು ಸಾಲಾಗಿ ಇರುತ್ತವೆ. ಅವುಗಳನ್ನು ಬಿಡಿಸಿ ಹೇಳುವವರು ಇರುವುದಿಲ್ಲ. ಉಳ್ಳಾಲದಿಂದ ಕಾರವಾರದವರೆಗಿನ ನಮ್ಮ ಕರಾವಳಿಯವರಿಗೆ ಮೀನು, ಬಲೆ, ಅಳಿವೆ ಯಾವುದೂ ಹೊಸದಲ್ಲ. ಆದರೂ ಹೊಟ್ಟೆಪಾಡಿನ ಮೀನುಗಾರಿಕೆಗೂ ವಿಹಾರಕ್ಕಾಗಿ ಗಾಳ ಹಾಕುವ ಈ ಪದ್ಧತಿಗೂ ಉದ್ದೇಶ, ಉಪಕರಣ, ಕಾನೂನು ಮೂರರಲ್ಲೂ ಅಂತರವಿದೆ. ದೋಣಿಗೆ ಕೊಡುವ ಹಣದ ಬಹುಪಾಲು ನೀರನ್ನು ಬಲ್ಲ ಒಬ್ಬ ವ್ಯಕ್ತಿಯ ತಿಳಿವಳಿಕೆಗೆ ಸಲ್ಲುತ್ತದೆ. ಆ ತಿಳಿವಳಿಕೆ ಯಾವ ಬಗೆಯದು, ಅದರ ಜೊತೆಗೆ ಪ್ರಯಾಣಿಕರ ಹೊಣೆ ಏನು ಎಂಬುದನ್ನು ಟ್ಯಾಂಪಾ ಕೊಲ್ಲಿಯನ್ನು ಉದಾಹರಣೆಯಾಗಿಟ್ಟುಕೊಂಡು ಇಲ್ಲಿ ವಿವರಿಸಲಾಗಿದೆ.

ಇನ್‌ಶೋರ್ ಎಂದರೆ ಯಾವ ನೀರು

ವಿಹಾರದ ಮೀನುಗಾರಿಕೆಯಲ್ಲಿ ಸಮುದ್ರವನ್ನು ಸ್ಥೂಲವಾಗಿ ಮೂರು ಭಾಗ ಮಾಡುತ್ತಾರೆ. ದಡ ಕಣ್ಣಿಗೆ ಕಾಣದಷ್ಟು ದೂರದ ಆಳ ನೀರು ಆಫ್‌ಶೋರ್. ದಡದಿಂದ ಕೆಲವು ಮೈಲಿಗಳೊಳಗಿನ ತೆರೆದ ಕಡಲು ನಿಯರ್‌ಶೋರ್. ಅಳಿವೆ, ಹಿನ್ನೀರು, ಕೊಲ್ಲಿಯ ಒಳಭಾಗ, ದ್ವೀಪಗಳ ನಡುವಿನ ಕಾಲುವೆ, ಕಾಂಡ್ಲಾ ಗಿಡಗಳ ಅಂಚು ಇವೆಲ್ಲ ಸೇರಿ ಇನ್‌ಶೋರ್. ಇಲ್ಲಿ ದೊಡ್ಡ ಅಲೆಗಳಿರುವುದಿಲ್ಲ. ಹೆಚ್ಚಿನ ಸಮಯವನ್ನು ಮೊಣಕಾಲಿನಿಂದ ಎದೆಯ ಮಟ್ಟದ ನೀರಿನ ಮೇಲೆಯೇ ಕಳೆಯುವುದರಿಂದ ಕಡಲಬೇನೆಯ ಭಯವಿರುವವರಿಗೆ, ಮಕ್ಕಳಿಗೆ, ವಯಸ್ಸಾದವರಿಗೆ ಈ ಬಗೆಯೇ ಅನುಕೂಲ.

ಟ್ಯಾಂಪಾ ಕೊಲ್ಲಿ ಸುಮಾರು 400 ಚದರ ಮೈಲಿ, ಅಂದರೆ ಸಾವಿರ ಚದರ ಕಿಲೋಮೀಟರಿಗೂ ಮಿಗಿಲಾದ ವಿಸ್ತಾರವುಳ್ಳದ್ದು. ಫ್ಲಾರಿಡಾದ ತೆರೆದ ಅಳಿವೆಗಳಲ್ಲಿ ಇದೇ ದೊಡ್ಡದು. ಇಷ್ಟು ದೊಡ್ಡ ಜಲರಾಶಿಯ ಸರಾಸರಿ ಆಳ ಹನ್ನೆರಡು ಅಡಿಯ ಆಸುಪಾಸಿನಲ್ಲಷ್ಟೇ ಇದೆ. ಹಿಲ್ಸ್‌ಬರೋ, ಅಲಾಫಿಯಾ, ಲಿಟಲ್ ಮ್ಯಾನಟೀ, ಮ್ಯಾನಟೀ ನದಿಗಳ ಸಿಹಿನೀರು ಇಲ್ಲಿಗೆ ಬಂದು ಮೆಕ್ಸಿಕೊ ಕೊಲ್ಲಿಯ ಉಪ್ಪುನೀರಿನೊಡನೆ ಬೆರೆಯುತ್ತದೆ. ತಳದಲ್ಲಿ ಬಿಸಿಲು ತಲುಪುವಷ್ಟು ತೆಳುವಾದ ನೀರಿರುವಲ್ಲಿ ಕಡಲಹುಲ್ಲು ಬೆಳೆಯುತ್ತದೆ. ಅಂಚಿನಲ್ಲಿ ಕೆಂಪು, ಕಪ್ಪು, ಬಿಳಿ ಎಂಬ ಮೂರು ಬಗೆಯ ಕಾಂಡ್ಲಾ ಗಿಡಗಳು ಬೇರುಗಳನ್ನು ನೀರಿಗಿಳಿಸಿಕೊಂಡು ನಿಂತಿರುತ್ತವೆ. ಅಲ್ಲಲ್ಲಿ ಸಿಂಪಿಯ ಚಿಪ್ಪುಗಳು ಒಂದರ ಮೇಲೊಂದು ಬೆಳೆದು ಗಟ್ಟಿ ದಿಬ್ಬಗಳಾಗಿವೆ. ಸಣ್ಣ ಮೀನು, ಸಿಗಡಿ, ಏಡಿಗಳಿಗೆ ಅಡಗಲು ಜಾಗ ಕೊಡುವುದು ಈ ಹುಲ್ಲು, ಬೇರು, ಚಿಪ್ಪುಗಳು. ಅವುಗಳನ್ನು ತಿನ್ನುವ ದೊಡ್ಡ ಮೀನುಗಳು ಸುತ್ತಲೇ ಓಡಾಡಿಕೊಂಡಿರುತ್ತವೆ. ಕುಮಟಾದ ಅಘನಾಶಿನಿ ಅಳಿವೆಯನ್ನು ಕಂಡವರಿಗೆ ಈ ಏರ್ಪಾಡು ಕೂಡಲೇ ಗುರುತು ಹತ್ತುತ್ತದೆ.

ಚಾರ್ಟರ್, ಕ್ಯಾಪ್ಟನ್, ಪರವಾನಗಿ

ಚಾರ್ಟರ್ ಎಂದರೆ ದೋಣಿಯನ್ನು ಅದರ ಚಾಲಕನ ಸಮೇತ ಗೊತ್ತಾದ ಅವಧಿಗೆ ಬಾಡಿಗೆಗೆ ಪಡೆಯುವುದು. ಗೈಡೆಡ್ ಎಂಬ ಪದ ಸೇರಿದರೆ, ಎಲ್ಲಿ ಮೀನಿದೆ, ಹೇಗೆ ಗಾಳ ಹಾಕಬೇಕು ಎಂಬುದನ್ನು ಆ ಚಾಲಕನೇ ಜೊತೆಯಲ್ಲಿ ನಿಂತು ಕಲಿಸುತ್ತಾನೆ ಎಂದರ್ಥ. ಆತನನ್ನು ಎಲ್ಲರೂ ಕ್ಯಾಪ್ಟನ್ ಎಂದೇ ಕರೆಯುತ್ತಾರೆ, ಅದು ಬರಿಯ ಗೌರವದ ಮಾತಲ್ಲ. ಹಣ ಪಡೆದು ಜನರನ್ನು ದೋಣಿಯಲ್ಲಿ ಕರೆದೊಯ್ಯುವವರು ಅಮೆರಿಕದ ಕೋಸ್ಟ್ ಗಾರ್ಡ್ ನೀಡುವ ಪರವಾನಗಿ ಹೊಂದಿರಲೇಬೇಕು. ಅದಕ್ಕೆ 360 ದಿನಗಳ ದೋಣಿ ನಡೆಸಿದ ಅನುಭವ, ಲಿಖಿತ ಪರೀಕ್ಷೆ, ವೈದ್ಯಕೀಯ ತಪಾಸಣೆ, ಮಾದಕವಸ್ತು ಪರೀಕ್ಷೆ, ಪ್ರಥಮ ಚಿಕಿತ್ಸೆಯ ತರಬೇತಿ ಬೇಕು. ಇನ್‌ಶೋರ್ ದೋಣಿಗಳ ಬಹುಪಾಲು ಕ್ಯಾಪ್ಟನ್‌ಗಳ ಬಳಿ ಇರುವ ಪರವಾನಗಿಯನ್ನು ಆಡುಮಾತಿನಲ್ಲಿ ಸಿಕ್ಸ್ ಪ್ಯಾಕ್ ಎನ್ನುತ್ತಾರೆ, ಏಕೆಂದರೆ ಅದರಡಿ ಹಣ ಕೊಟ್ಟ ಆರು ಪ್ರಯಾಣಿಕರನ್ನು ಮಾತ್ರ ಹತ್ತಿಸಿಕೊಳ್ಳಬಹುದು. ಗಾಳ ಮುಟ್ಟದೆ ಸುಮ್ಮನೆ ಕೂತು ನೋಡುವ ಅಜ್ಜಿಯೂ ಆ ಲೆಕ್ಕದಲ್ಲಿ ಸೇರುತ್ತಾರೆ. ದೋಣಿ ಚಿಕ್ಕದಾದ ಕಾರಣ ಅನೇಕ ಕ್ಯಾಪ್ಟನ್‌ಗಳು ನಾಲ್ವರನ್ನು ಮೀರಿ ಒಪ್ಪುವುದಿಲ್ಲ, ಆದ್ದರಿಂದ ಮನೆಮಂದಿಯೆಲ್ಲ ಹೋಗುವ ಆಸೆಯಿದ್ದರೆ ಸಂಖ್ಯೆಯನ್ನು ಮೊದಲೇ ಹೇಳಬೇಕಾಗುತ್ತದೆ.

ಫ್ಲಾರಿಡಾದಲ್ಲಿ ಉಪ್ಪುನೀರಿನ ಮೀನು ಹಿಡಿಯಲು 16 ವರ್ಷ ದಾಟಿದ ಪ್ರವಾಸಿಗರಿಗೆ ಪರವಾನಗಿ ಕಡ್ಡಾಯ. ಹೊರಗಿನವರಿಗೆ ಇದರ ಶುಲ್ಕ ಮೂರು ದಿನಕ್ಕೆ 17 ಡಾಲರ್, ಏಳು ದಿನಕ್ಕೆ 30 ಡಾಲರ್, ವರ್ಷಕ್ಕೆ 47 ಡಾಲರ್. ಚಾರ್ಟರ್ ದೋಣಿಯಲ್ಲಿ ಹೋಗುವವರು ಇದನ್ನು ಬೇರೆಯಾಗಿ ಕೊಳ್ಳಬೇಕಿಲ್ಲ, ಕ್ಯಾಪ್ಟನ್ ಪಡೆದಿರುವ ಚಾರ್ಟರ್ ಪರವಾನಗಿಯೇ ಎಲ್ಲರಿಗೂ ಅನ್ವಯಿಸುತ್ತದೆ. ಆದರೆ ಅದೇ ದಿನ ಸಂಜೆ ಬೀಚಿನಲ್ಲಿ ನಿಂತು ಗಾಳ ಹಾಕುವುದಾದರೆ ಸ್ವಂತ ಪರವಾನಗಿ ಬೇಕೇ ಬೇಕು. ಈ ಒಂದು ವಿಷಯದಲ್ಲಿ ಪ್ರವಾಸಿಗರು ಮೇಲಿಂದ ಮೇಲೆ ಗೊಂದಲಕ್ಕೀಡಾಗುತ್ತಾರೆ.

ದರವನ್ನು ತಲೆಗೆ ಇಷ್ಟೆಂದು ಹೇಳದೆ ದೋಣಿಗೆ ಇಷ್ಟೆಂದು ಹೇಳುವುದು ರೂಢಿ. ಅರ್ಧ ದಿನವೆಂದರೆ ನಾಲ್ಕು ಗಂಟೆ. ಅದಕ್ಕೆ ಸಾಮಾನ್ಯವಾಗಿ 400ರಿಂದ 600 ಡಾಲರ್ ಆಗುತ್ತದೆ. ಆರು, ಎಂಟು ಗಂಟೆಯ ಪ್ರವಾಸಗಳಿಗೆ ಅದರಂತೆ ಹೆಚ್ಚು. ಗಾಳದ ಕೋಲು, ಎರೆ, ಮಂಜುಗಡ್ಡೆ, ಇಂಧನ ಇವು ಹೆಚ್ಚಿನ ಕಡೆ ದರದೊಳಗೇ ಇರುತ್ತವೆ, ಭಕ್ಷೀಸು ಇರುವುದಿಲ್ಲ. ಕ್ಯಾಪ್ಟನ್‌ಗೆ ದರದ ಶೇಕಡಾ 15ರಿಂದ 20ರಷ್ಟು ಭಕ್ಷೀಸು ಕೊಡುವುದು ಅಲ್ಲಿನ ವಾಡಿಕೆ.

ಉಬ್ಬರ-ಇಳಿತವೇ ವೇಳಾಪಟ್ಟಿ

"ಬೆಳಿಗ್ಗೆ ಎಷ್ಟು ಗಂಟೆಗೆ ಬರಬೇಕು?" ಎಂದು ಕೇಳಿದರೆ ಕ್ಯಾಪ್ಟನ್ ಮೊದಲು ನೋಡುವುದು ಉಬ್ಬರ-ಇಳಿತದ ಪಟ್ಟಿಯನ್ನು. ಚಂದ್ರ ಮತ್ತು ಸೂರ್ಯರ ಸೆಳೆತದಿಂದ ಸಮುದ್ರದ ಮಟ್ಟ ಏರುತ್ತದೆ, ಇಳಿಯುತ್ತದೆ. ಏರುವಾಗ ನೀರು ಕೊಲ್ಲಿಯೊಳಗೆ ನುಗ್ಗುತ್ತದೆ, ಇಳಿಯುವಾಗ ಹೊರಗೆ ಹರಿಯುತ್ತದೆ. ನಮ್ಮ ಕರಾವಳಿಯಲ್ಲಿ ದಿನಕ್ಕೆ ಎರಡು ಭರತ, ಎರಡು ಇಳಿತ ಎಂಬ ಲೆಕ್ಕ ಬಹುಮಟ್ಟಿಗೆ ತಪ್ಪುವುದಿಲ್ಲ. ಟ್ಯಾಂಪಾ ಕೊಲ್ಲಿಯಲ್ಲಿ ಹಾಗಿಲ್ಲ. ಅಲ್ಲಿ ಎರಡು ಭರತಗಳ ಎತ್ತರ ಒಂದೇ ಸಮ ಇರುವುದಿಲ್ಲ, ಕೆಲವು ದಿನ ಒಂದೇ ಭರತ, ಒಂದೇ ಇಳಿತ ಕಾಣುತ್ತದೆ. ಏರಿಳಿತದ ಅಂತರವೂ ಎರಡು-ಎರಡೂವರೆ ಅಡಿಯಷ್ಟೇ.

ಎರಡು ಅಡಿ ಏನು ಮಹಾ ಎಂದು ತೋರಬಹುದು. ಆದರೆ ಹುಲ್ಲಿನ ಬಯಲಿನ ಮೇಲಿರುವ ನೀರೇ ಎರಡು-ಮೂರು ಅಡಿಯಾಗಿರುವಾಗ, ಈ ಅಂತರದಿಂದ ಮೀನಿನ ಲೋಕ ಪೂರ್ತಿ ಬದಲಾಗುತ್ತದೆ. ಭರತ ಏರಿದಾಗ ಮೀನುಗಳು ಕಾಂಡ್ಲಾ ಬೇರುಗಳ ಒಳಗೆ, ಸಿಂಪಿಯ ದಿಬ್ಬಗಳ ಮೇಲೆ ಹೋಗಬಲ್ಲವು. ಇಳಿತದಲ್ಲಿ ಅವು ಅನಿವಾರ್ಯವಾಗಿ ತಗ್ಗುಗಳಿಗೆ, ಕಾಲುವೆಗಳಿಗೆ ಸರಿಯುತ್ತವೆ. ಅದಕ್ಕಿಂತ ಮುಖ್ಯವಾದದ್ದು ಹರಿವು. ನೀರು ಹರಿಯುವಾಗ ಸಿಗಡಿ, ಸಣ್ಣ ಮೀನುಗಳು ಅದರೊಡನೆ ತೇಲಿಬರುತ್ತವೆ. ದೊಡ್ಡ ಮೀನು ಹರಿವಿಗೆ ಮುಖಮಾಡಿ, ಒಂದು ದಿಬ್ಬದ ಅಥವಾ ಸೇತುವೆಯ ಕಂಬದ ಮರೆಯಲ್ಲಿ ಕಾದು ನಿಲ್ಲುತ್ತದೆ. ಪಂಕ್ತಿಯಲ್ಲಿ ಕೂತವರು ಎಲೆಯ ಮುಂದಿನಿಂದ ಏಳುವುದಿಲ್ಲ, ಬಡಿಸುವವರೇ ಸಾಲಿನುದ್ದಕ್ಕೂ ಬರುತ್ತಾರೆ. ಹರಿಯುವ ನೀರು ಮೀನಿಗೆ ಬಡಿಸುವವರ ಕೆಲಸ ಮಾಡುತ್ತದೆ. ಹರಿವು ನಿಂತ ಗಳಿಗೆಯಲ್ಲಿ ಊಟವೂ ನಿಲ್ಲುತ್ತದೆ. ಗಂಟೆಗಟ್ಟಲೆ ಒಂದೂ ಮೀನು ಮುಟ್ಟದ ಜಾಗದಲ್ಲಿ ನೀರು ಅಲುಗಿದೊಡನೆ ಒಂದರ ಹಿಂದೊಂದು ಗಾಳ ಎಳೆಯುವುದು ಇದೇ ಕಾರಣಕ್ಕೆ. ಕ್ಯಾಪ್ಟನ್ ಹೇಳಿದ ಸಮಯ ಬೆಳಗಿನ ಆರು ಗಂಟೆಯಾದರೂ ಮಧ್ಯಾಹ್ನದ ಒಂದು ಗಂಟೆಯಾದರೂ ಅದರ ಹಿಂದೆ ಈ ಲೆಕ್ಕ ಇದ್ದೇ ಇರುತ್ತದೆ, ಆದ್ದರಿಂದ ನಮ್ಮ ಅನುಕೂಲಕ್ಕೆ ಸಮಯ ಬದಲಿಸಲು ಒತ್ತಾಯಿಸುವುದು ನಷ್ಟದ ಬಾಬತ್ತು.

ಗಾಳಿಯೂ ಈ ಲೆಕ್ಕವನ್ನು ಕೆಡಿಸಬಲ್ಲದು. ಚಳಿಗಾಲದಲ್ಲಿ ಉತ್ತರದಿಂದ ಶೀತ ಮಾರುತ ಬೀಸಿದಾಗ ಕೊಲ್ಲಿಯ ನೀರು ಹೊರಕ್ಕೆ ತಳ್ಳಲ್ಪಟ್ಟು, ಪಟ್ಟಿಯಲ್ಲಿ ಹೇಳಿದ್ದಕ್ಕಿಂತಲೂ ಮಟ್ಟ ಕೆಳಗಿಳಿಯುತ್ತದೆ. ಹುಲ್ಲಿನ ಬಯಲುಗಳು ಬರಿದಾಗಿ ಕಾಣಿಸುತ್ತವೆ, ಮೀನುಗಳು ಆಳದ ಗುಂಡಿಗಳಲ್ಲಿ ಒತ್ತೊತ್ತಾಗಿ ಸೇರುತ್ತವೆ. ದೋಣಿ ಎಲ್ಲೆಂದರಲ್ಲಿ ಹೋಗಲಾರದ ಆ ದಿನಗಳನ್ನೇ ಬಯಸುವ ಕ್ಯಾಪ್ಟನ್‌ಗಳೂ ಇದ್ದಾರೆ.

ಮೊದಲು ಎರೆ, ಆಮೇಲೆ ಮೀನು

ದೋಣಿ ಹೊರಟೊಡನೆ ಗಾಳ ಹಾಕುವುದೆಂದು ಕಾದವರಿಗೆ ಮೊದಲ ಅರ್ಧ ಗಂಟೆ ಅಚ್ಚರಿ ತರುತ್ತದೆ. ಬೆಚ್ಚಗಿನ ತಿಂಗಳುಗಳಲ್ಲಿ ಟ್ಯಾಂಪಾ ಕೊಲ್ಲಿಯ ಮುಖ್ಯ ಎರೆ ವೈಟ್‌ಬೇಟ್ ಎಂದು ಕರೆಯುವ ಜೀವಂತ ಸಣ್ಣ ಮೀನು. ನಮ್ಮ ಭೂತಾಯಿಗೆ ಹತ್ತಿರದ ಸಂಬಂಧದ, ಬೆರಳುದ್ದದ, ಬೆಳ್ಳಿ ಮೈಯ ಮೀನು ಅದು. ಅಂಗಡಿಯಲ್ಲಿ ಅದು ಸಿಗುವುದು ಅಪರೂಪವಾದ್ದರಿಂದ ಕ್ಯಾಪ್ಟನ್‌ಗಳು ತಾವೇ ಹಿಡಿಯುತ್ತಾರೆ; ಕೆಲವರು ಪ್ರಯಾಣಿಕರು ಬರುವ ಮೊದಲೇ ಆ ಕೆಲಸ ಮುಗಿಸಿರುತ್ತಾರೆ.

ಹುಲ್ಲಿನ ಬಯಲಿನ ಅಂಚಿನಲ್ಲಿ ದೋಣಿ ನಿಲ್ಲಿಸಿ, ಮೀನಿನ ಹಿಟ್ಟು ಕಲಸಿದ ಮುದ್ದೆಯನ್ನು ಚಿಟಿಕೆ ಚಿಟಿಕೆಯಾಗಿ ಹಿಂದಕ್ಕೆ ಎಸೆಯುತ್ತಾರೆ. ನೀರಿನ ಮೇಲೆ ಸಣ್ಣ ಸಣ್ಣ ಮಿಂಚುಗಳು ಮೂಡತೊಡಗಿದಾಗ ಕ್ಯಾಪ್ಟನ್ ಬೀಸುಬಲೆಯ ಒಂದು ಅಂಚನ್ನು ಹೆಗಲ ಮೇಲೆ ಹಾಕಿಕೊಂಡು, ಸೀಸದ ಗುಂಡು ಪೋಣಿಸಿದ ಅಂಚನ್ನು ಎರಡೂ ಕೈಗಳಿಗೆ ಹಂಚಿಕೊಂಡು, ಸೊಂಟದಿಂದ ತಿರುಗಿ ಬೀಸುತ್ತಾನೆ. ಬಲೆ ಗಾಳಿಯಲ್ಲಿ ದುಂಡಗೆ ಬಿಚ್ಚಿಕೊಂಡು ಬೀಳುತ್ತದೆ, ಹಗ್ಗ ಎಳೆದೊಡನೆ ಬಾಯಿ ಮುಚ್ಚುತ್ತದೆ. ನೇತ್ರಾವತಿ ಅಥವಾ ಶರಾವತಿಯ ಅಳಿವೆಯಲ್ಲಿ ಬೀಸುಬಲೆ ಹಾಕುವವರನ್ನು ನೋಡಿದವರಿಗೆ ಕೈಯ ಪ್ರತಿ ಚಲನೆಯೂ ಪರಿಚಿತವೆನಿಸುತ್ತದೆ. ಸಿಕ್ಕ ಮೀನನ್ನು ದೋಣಿಯೊಳಗಿನ ಲೈವ್‌ವೆಲ್ ಎಂಬ ತೊಟ್ಟಿಗೆ ಸುರಿಯುತ್ತಾರೆ. ಸಮುದ್ರದ ನೀರನ್ನು ಪಂಪು ಸತತವಾಗಿ ಒಳಗೆ ತಂದು ಹೊರಗೆ ಬಿಡುವುದರಿಂದ ಎರೆ ಗಂಟೆಗಳ ಕಾಲ ಚುರುಕಾಗಿ ಬದುಕಿರುತ್ತದೆ. ಚಳಿಗಾಲದಲ್ಲಿ ಈ ಸಣ್ಣ ಮೀನು ಆಳಕ್ಕೆ ಹೋಗುವುದರಿಂದ ಆಗ ಜೀವಂತ ಸಿಗಡಿಯೇ ಎರೆ.

ಒಂದು ಜಾಗ ತಲುಪಿದ ಮೇಲೆ ಮುಖ್ಯ ಎಂಜಿನ್ ಬಂದ್ ಆಗುತ್ತದೆ. ತೆಳು ನೀರಿನಲ್ಲಿ ಶಬ್ದ ಬಹುದೂರ ಹೋಗುತ್ತದೆ. ದೋಣಿಯ ಮೂತಿಯಲ್ಲಿರುವ ಬ್ಯಾಟರಿಯ ಸಣ್ಣ ಮೋಟಾರು ಜಿಪಿಎಸ್ ನೆರವಿನಿಂದ ದೋಣಿಯನ್ನು ಒಂದೇ ಕಡೆ ಹಿಡಿದಿಡುತ್ತದೆ, ಅಥವಾ ಹಿಂಭಾಗದ ಉದ್ದನೆಯ ಕೋಲು ತಳಕ್ಕೆ ಚುಚ್ಚಿಕೊಂಡು ಲಂಗರಿನ ಕೆಲಸ ಮಾಡುತ್ತದೆ. ಪೆಟ್ಟಿಗೆಯ ಮುಚ್ಚಳವನ್ನು ದಬ್ಬೆಂದು ಹಾಕಬೇಡಿ ಎಂದು ಕ್ಯಾಪ್ಟನ್ ಹೇಳಿದರೆ ಅದು ಸಿಡುಕಲ್ಲ, ಆ ಸದ್ದಿಗೆ ಮೀನು ಚದುರುತ್ತದೆ. ಎಂಜಿನ್ನಿನ ರೆಕ್ಕೆ ತಳಕ್ಕೆ ತಗುಲಿದರೆ ಕಡಲಹುಲ್ಲು ಬೇರುಸಹಿತ ಕಿತ್ತುಹೋಗುತ್ತದೆ, ಆ ಗಾಯ ಮುಚ್ಚಲು ವರ್ಷಗಳು ಬೇಕು. ರಾಜ್ಯದ ಸಂರಕ್ಷಿತ ಜಲಪ್ರದೇಶಗಳಲ್ಲಿ ಹಾಗೆ ಹುಲ್ಲು ಕೀಳುವುದು ದಂಡ ತೆರಬೇಕಾದ ಅಪರಾಧ.

ಯಾವ ಮೀನುಗಳು

ಇಲ್ಲಿ ಜನ ಹುಡುಕಿಕೊಂಡು ಬರುವುದು ಮುಖ್ಯವಾಗಿ ಸ್ನೂಕ್, ರೆಡ್‌ಫಿಶ್, ಸೀಟ್ರೌಟ್ ಎಂಬ ಮೂರನ್ನು. ಸ್ನೂಕ್‌ಗೆ ಮೈಯುದ್ದಕ್ಕೂ ಕಪ್ಪು ಗೆರೆಯೊಂದಿರುತ್ತದೆ, ಕೆಳದವಡೆ ಮುಂದಕ್ಕೆ ಚಾಚಿರುತ್ತದೆ. ಬೇರು-ಕಂಬಗಳ ಮರೆಯಿಂದ ನುಗ್ಗಿ ಎರೆ ಹಿಡಿದು ಮತ್ತೆ ಅಲ್ಲಿಗೇ ಓಡುತ್ತದೆ. ರೆಡ್‌ಫಿಶ್ ತಾಮ್ರದ ಬಣ್ಣದ್ದು, ಬಾಲದ ಬುಡದಲ್ಲಿ ಕಪ್ಪು ಚುಕ್ಕೆ ಇರುತ್ತದೆ. ತಲೆ ತಗ್ಗಿಸಿ ತಳದ ಏಡಿ ಹುಡುಕುವಾಗ ಅದರ ಬಾಲ ನೀರಿನಿಂದ ಹೊರಗೆ ಕಾಣುವುದುಂಟು. ಸೀಟ್ರೌಟ್ ಹುಲ್ಲಿನ ಬಯಲಿನ ಮೀನು. ಹೆಸರಿನಲ್ಲಿ ಟ್ರೌಟ್ ಇದ್ದರೂ ರೆಡ್‌ಫಿಶ್‌ನ ಕುಟುಂಬಕ್ಕೆ ಸೇರಿದ್ದು. ಕಲಿಯುವವರಿಗೆ ಎಲ್ಲಕ್ಕಿಂತ ಸುಲಭವಾಗಿ ಸಿಗುವುದು ಇದೇ.

ಇವಲ್ಲದೆ ನಮ್ಮ ಅಂಜಲ್‌ನ ಕುಲದ್ದೇ ಆದ ಸ್ಪ್ಯಾನಿಶ್ ಮ್ಯಾಕೆರೆಲ್, ಕೆಂಬೇರಿಯ ಕುಲದ ಮ್ಯಾಂಗ್ರೋವ್ ಸ್ನ್ಯಾಪರ್, ಚಳಿಗಾಲದಲ್ಲಿ ಸೇತುವೆಯ ಕಂಬಗಳಿಗಂಟಿದ ಚಿಪ್ಪುಜೀವಿಗಳನ್ನು ಅಗಲ ಹಲ್ಲುಗಳಿಂದ ಕೆರೆದು ತಿನ್ನುವ ಶೀಪ್ಸ್‌ಹೆಡ್ ಸಿಗುತ್ತವೆ. ಮೇ ತಿಂಗಳಿನಿಂದ ಜುಲೈವರೆಗೆ ಟಾರ್ಪನ್ ಎಂಬ ದೈತ್ಯ ಮೀನು ಬರುತ್ತದೆ. 45 ಕಿಲೋ ದಾಟುವ ಟಾರ್ಪನ್‌ಗಳು ಅಪರೂಪವಲ್ಲ. ಗಾಳ ತಗುಲಿದ ಟಾರ್ಪನ್ ಪೂರ್ತಿ ಮೈಯನ್ನು ನೀರಿನಿಂದ ಮೇಲಕ್ಕೆ ಚಿಮ್ಮಿಸುತ್ತದೆ, ಅದರೊಡನೆ ಒಂದು ಗಂಟೆ ಸೆಣಸಬೇಕಾಗಿ ಬರಬಹುದು. ಮೊದಲ ಬಾರಿ ಹೋಗುವ ಕುಟುಂಬ ಇದರ ಆಸೆಗೆ ಬೀಳದೆ ಸೀಟ್ರೌಟ್, ಸ್ನ್ಯಾಪರ್‌ಗಳಿಂದ ಆರಂಭಿಸಿದರೆ ಮಕ್ಕಳಿಗೂ ಕೈ ಆಡಿಸಲು ಅವಕಾಶವಾಗುತ್ತದೆ.

ಗಾಳ ಕಚ್ಚಿದಾಗ ಏನು ಮಾಡಬೇಕು

ಕೈಗೆ ಸಿಗುವುದು ಸುಮಾರು ಏಳಡಿಯ ಹಗುರ ಕೋಲು ಮತ್ತು ಸ್ಪಿನ್ನಿಂಗ್ ರೀಲ್. ಮುಖ್ಯ ದಾರ ಹೆಣೆದ ತೆಳು ನೂಲು. ಅದರ ತುದಿಗೆ ಎರಡು-ಮೂರು ಅಡಿ ಪಾರದರ್ಶಕ ಫ್ಲೋರೋಕಾರ್ಬನ್ ದಾರ, ಕೊನೆಯಲ್ಲಿ ಗಾಳ. ಪಾರದರ್ಶಕ ದಾರ ಮೀನಿನ ಕಣ್ಣಿಗೆ ಬೀಳುವುದು ಕಡಿಮೆ, ಚಿಪ್ಪಿಗೆ ಉಜ್ಜಿದರೂ ಬೇಗ ಸವೆಯುವುದಿಲ್ಲ. ರೀಲಿನಲ್ಲಿ ಡ್ರ್ಯಾಗ್ ಎಂಬ ಬಿಗಿ ಹೊಂದಿಸುವ ತಿರುಪು ಇರುತ್ತದೆ. ಮೀನು ಗೊತ್ತಾದ ಮಿತಿಗಿಂತ ಜೋರಾಗಿ ಎಳೆದರೆ ದಾರ ಹರಿಯುವ ಬದಲು ರೀಲಿನಿಂದ ಬಿಚ್ಚಿಕೊಳ್ಳುತ್ತದೆ. ದಾರ ಬಿಚ್ಚಿಕೊಳ್ಳುವ ಕಿರ್ರೆಂಬ ಸದ್ದು ಕೇಳುತ್ತಿರುವಾಗ ಹಿಡಿಕೆ ತಿರುಗಿಸಬಾರದು. ಮೀನು ನಿಂತ ಮೇಲೆ ಕೋಲನ್ನು ಮೆಲ್ಲಗೆ ಎತ್ತಿ, ತಗ್ಗಿಸುತ್ತ ಸುತ್ತಿಕೊಳ್ಳಬೇಕು.

ಹೊಸಬರು ಸಾಮಾನ್ಯವಾಗಿ ಎಡವುವುದು ಮೀನು ಕಚ್ಚಿದ ಕ್ಷಣದಲ್ಲಿ. ಸಿನಿಮಾಗಳಲ್ಲಿ ಕಂಡಂತೆ ಕೋಲನ್ನು ಜೋರಾಗಿ ಜಗ್ಗುವ ಆಸೆ ತಡೆಯಲಾಗುವುದಿಲ್ಲ. ಆದರೆ ಈಗ ಹೆಚ್ಚಿನ ಕ್ಯಾಪ್ಟನ್‌ಗಳು ಜೀವಂತ ಎರೆಯೊಡನೆ ಸರ್ಕಲ್ ಹುಕ್ ಬಳಸುತ್ತಾರೆ. ಅದರ ಮೊನೆ ಒಳಮುಖವಾಗಿ ಬಾಗಿರುತ್ತದೆ. ಮೀನು ಎರೆ ನುಂಗಿ ತಿರುಗಿದಾಗ ದಾರ ತಾನಾಗಿ ಬಿಗಿಯಾಗುತ್ತದೆ, ಗಾಳ ಗಂಟಲಿನಿಂದ ಜಾರಿಕೊಂಡು ಬಂದು ಬಾಯಿಯ ಮೂಲೆಯಲ್ಲಿ ಕಚ್ಚಿಕೊಳ್ಳುತ್ತದೆ. ಜಗ್ಗಿದರೆ ಅದು ಕಚ್ಚಿಕೊಳ್ಳುವ ಮೊದಲೇ ಹೊರಗೆ ಬಂದುಬಿಡುತ್ತದೆ. ಹಾಗಾಗಿ "ಜಗ್ಗಬೇಡಿ, ಸುಮ್ಮನೆ ಸುತ್ತಿ" ಎಂಬ ಮಾತು ದೋಣಿಯಲ್ಲಿ ಮತ್ತೆ ಮತ್ತೆ ಕೇಳಿಸುತ್ತದೆ. ಮೀನಿನ ಹೊಟ್ಟೆಗೆ ಗಾಳ ಇಳಿಯದಿರುವುದರಿಂದ ಬಿಟ್ಟ ಮೇಲೆ ಅದು ಬದುಕುವ ಸಂಭವ ಬಹಳ ಹೆಚ್ಚುತ್ತದೆ. ಜೀವಂತ ಅಥವಾ ಸತ್ತ ಎರೆಯೊಡನೆ ಮೂರು ಮೊನೆಯ ಗಾಳ ಕಟ್ಟಿ ಸ್ನೂಕ್, ರೆಡ್‌ಫಿಶ್, ಸೀಟ್ರೌಟ್ ಹಿಡಿಯುವುದನ್ನು ಫ್ಲಾರಿಡಾದ ನಿಯಮಗಳು ನಿಷೇಧಿಸಿವೆ.

ಸ್ಲಾಟ್: ದೊಡ್ಡ ಮೀನನ್ನೂ ಬಿಡಬೇಕಾದದ್ದು ಏಕೆ

ನಮ್ಮ ಕಡೆಯವರಿಗೆ ಒಪ್ಪಿಕೊಳ್ಳಲು ಕಷ್ಟವಾಗುವ ನಿಯಮ ಇದು, ಆದ್ದರಿಂದ ಸ್ವಲ್ಪ ವಿಸ್ತಾರವಾಗಿ ನೋಡುವುದು ಒಳ್ಳೆಯದು. ಸ್ಲಾಟ್ ಎಂದರೆ ಇಟ್ಟುಕೊಳ್ಳಬಹುದಾದ ಮೀನಿನ ಉದ್ದಕ್ಕೆ ಹಾಕಿರುವ ಕೆಳಮಿತಿ ಮತ್ತು ಮೇಲ್ಮಿತಿ. ಮೆಕ್ಸಿಕೊ ಕೊಲ್ಲಿಯ ಬದಿಯಲ್ಲಿ ಸ್ನೂಕ್‌ಗೆ ಇದು 28ರಿಂದ 33 ಇಂಚು, ರೆಡ್‌ಫಿಶ್‌ಗೆ 18ರಿಂದ 27 ಇಂಚು, ಸೀಟ್ರೌಟ್‌ಗೆ 15ರಿಂದ 19 ಇಂಚು. ಮೀನನ್ನು ಮಗ್ಗುಲಾಗಿ ಮಲಗಿಸಿ, ಬಾಯಿ ಮುಚ್ಚಿಸಿ, ಬಾಲದ ಎರಡೂ ತುದಿಗಳನ್ನು ಒತ್ತಿ ಸೇರಿಸಿ ಅಳೆಯುತ್ತಾರೆ. ಚಿಕ್ಕ ಮೀನನ್ನು ಬಿಡಬೇಕೆಂಬುದು ಎಲ್ಲರಿಗೂ ಅರ್ಥವಾಗುತ್ತದೆ. ಆದರೆ ಬೆವರು ಸುರಿಸಿ ಎಳೆದ 35 ಇಂಚಿನ ಸ್ನೂಕ್ ಅನ್ನು ಏಕೆ ಬಿಡಬೇಕು?

ಉತ್ತರ ಆ ಮೀನಿನ ಜೀವನಕ್ರಮದಲ್ಲಿದೆ. ಸ್ನೂಕ್ ಬೆಳೆದು ಮೊದಲು ಗಂಡಾಗುತ್ತದೆ, ಇನ್ನೂ ದೊಡ್ಡದಾದ ಮೇಲೆ ಹೆಣ್ಣಾಗಿ ಬದಲಾಗುತ್ತದೆ. ನಮ್ಮ ಅಳಿವೆಗಳಲ್ಲಿ ಸಿಗುವ, ಪಂಜರಗಳಲ್ಲಿ ಸಾಕುವ ಸೀಬಾಸ್ ಮೀನಿನಲ್ಲೂ ಇದೇ ಕ್ರಮವಿದೆ. ಅಂದರೆ ನೀರಿನಲ್ಲಿರುವ ಬಹಳ ದೊಡ್ಡ ಸ್ನೂಕ್‌ಗಳು ಹೆಚ್ಚುಕಡಿಮೆ ಎಲ್ಲವೂ ಹೆಣ್ಣು, ಅದೂ ಲಕ್ಷಗಟ್ಟಲೆ ಮೊಟ್ಟೆಯಿಡುವ ಹೆಣ್ಣು. ಅವನ್ನು ತೆಗೆದರೆ ಮುಂದಿನ ಪೀಳಿಗೆಯನ್ನೇ ತೆಗೆದಂತೆ. ರೆಡ್‌ಫಿಶ್‌ನ ಕಾರಣ ಬೇರೆ. ಅದು ಎಳೆಯ ವಯಸ್ಸನ್ನು, ಅಂದರೆ ಮೊದಲ ಮೂರು-ನಾಲ್ಕು ವರ್ಷಗಳನ್ನು ಅಳಿವೆಯಲ್ಲಿ ಕಳೆದು ಆಮೇಲೆ ತೆರೆದ ಕಡಲಿನ ಹಿಂಡುಗಳನ್ನು ಸೇರುತ್ತದೆ, ದಶಕಗಳ ಕಾಲ ಬದುಕಿ ಸಂತಾನ ಬೆಳೆಸುತ್ತದೆ. 27 ಇಂಚು ದಾಟುವ ಹೊತ್ತಿಗೆ ಅದು ಈ ಹಿಂಡಿಗೆ ಹೊರಟಿರುತ್ತದೆ. ಸ್ಲಾಟ್ ಅದನ್ನು ಹೋಗಗೊಡುತ್ತದೆ.

ಈ ನಿಯಮಗಳು ಸುಮ್ಮನೆ ಬಂದವಲ್ಲ. 1980ರ ದಶಕದಲ್ಲಿ ನ್ಯೂ ಆರ್ಲಿಯನ್ಸ್‌ನ ಬಾಣಸಿಗ ಪಾಲ್ ಪ್ರುಡೋಮ್ ಜನಪ್ರಿಯಗೊಳಿಸಿದ, ಮಸಾಲೆ ಹಚ್ಚಿ ಕಪ್ಪಾಗುವಂತೆ ಹುರಿದ ರೆಡ್‌ಫಿಶ್ ಖಾದ್ಯಕ್ಕೆ ಅಮೆರಿಕದಾದ್ಯಂತ ಬೇಡಿಕೆ ಎದ್ದು, ಕಡಲಿನ ದೊಡ್ಡ ಹಿಂಡುಗಳನ್ನು ಬಲೆಗಳಿಂದ ಬಾಚಲಾಯಿತು. ಸಂತತಿ ಕುಸಿದಾಗ ಫ್ಲಾರಿಡಾ ಹಿಡಿಯುವುದನ್ನೇ ಕೆಲಕಾಲ ನಿಲ್ಲಿಸಿತು. 1989ರಿಂದ ಅಲ್ಲಿ ಹಿಡಿದ ರೆಡ್‌ಫಿಶ್ ಅನ್ನು ಮಾರುವಂತಿಲ್ಲ. 1994ರಲ್ಲಿ ಮತದಾರರು ರಾಜ್ಯದ ಸಂವಿಧಾನಕ್ಕೇ ತಿದ್ದುಪಡಿ ತಂದು, ದಡದ ಸಮೀಪದ ನೀರಿನಲ್ಲಿ ಕಿವಿರು ಸಿಕ್ಕಿಸುವ ಬಲೆಗಳನ್ನು ನಿಷೇಧಿಸಿದರು. 1995ರ ಜುಲೈ 1ರಿಂದ ಅದು ಜಾರಿಗೆ ಬಂತು. ಬಲೆಯಿಂದ ಬದುಕುತ್ತಿದ್ದ ಅನೇಕ ಕುಟುಂಬಗಳು ಅದರಿಂದ ಕಸುಬು ಕಳೆದುಕೊಂಡವು ಎಂಬುದನ್ನೂ ಇಲ್ಲಿ ನೆನೆಯಲೇಬೇಕು. 2010ರ ಜನವರಿಯ ಅಸಾಧಾರಣ ಚಳಿಯಲ್ಲಿ, ಬೆಚ್ಚಗಿನ ನೀರನ್ನು ಅವಲಂಬಿಸಿದ ಸ್ನೂಕ್‌ಗಳು ದೊಡ್ಡ ಪ್ರಮಾಣದಲ್ಲಿ ಸತ್ತವು. ಕೊಲ್ಲಿಯ ಬದಿಯಲ್ಲಿ ಸ್ನೂಕ್ ಇಟ್ಟುಕೊಳ್ಳಲು ಮತ್ತೆ ಅನುಮತಿ ಸಿಕ್ಕಿದ್ದು 2013ರ ಸೆಪ್ಟೆಂಬರಿನಲ್ಲಿ. 2018ರಲ್ಲಿ ಕರೇನಿಯಾ ಬ್ರೆವಿಸ್ ಎಂಬ ಸೂಕ್ಷ್ಮ ಪಾಚಿ ವಿಪರೀತ ಬೆಳೆದು ನೀರನ್ನು ವಿಷಮಯಗೊಳಿಸಿದಾಗ, ಅಂದರೆ ರೆಡ್ ಟೈಡ್ ಬಂದಾಗ, ಪೀಡಿತ ಪ್ರದೇಶಗಳಲ್ಲಿ ಸ್ನೂಕ್ ಮತ್ತು ರೆಡ್‌ಫಿಶ್‌ಗಳನ್ನು ಹಿಡಿದು ಬಿಡಲಷ್ಟೇ ಅವಕಾಶವಿತ್ತು.

ಅಳತೆಯ ಜೊತೆಗೆ ಋತುವಿನ ನಿರ್ಬಂಧವೂ ಇದೆ. ಟ್ಯಾಂಪಾ ಕೊಲ್ಲಿಯಲ್ಲಿ ಡಿಸೆಂಬರಿನಿಂದ ಫೆಬ್ರವರಿ ಕೊನೆಯವರೆಗೆ, ಮೇ ತಿಂಗಳಿನಿಂದ ಆಗಸ್ಟ್ ಕೊನೆಯವರೆಗೆ ಸ್ನೂಕ್ ಇಟ್ಟುಕೊಳ್ಳುವಂತಿಲ್ಲ. ಮೊದಲನೆಯದು ಚಳಿಗೆ ಕುಗ್ಗಿರುವ ಕಾಲ, ಎರಡನೆಯದು ಮೊಟ್ಟೆಯಿಡುವ ಕಾಲ. ನಮ್ಮಲ್ಲಿ ಜೂನ್, ಜುಲೈ ತಿಂಗಳುಗಳಲ್ಲಿ ಯಾಂತ್ರೀಕೃತ ದೋಣಿಗಳು ಕಡಲಿಗಿಳಿಯದಿರುವ ನಿಯಮದ ಹಿಂದೆಯೂ ಸಂತಾನೋತ್ಪತ್ತಿಗೆ ಬಿಡುವು ಕೊಡುವ ಇದೇ ಆಲೋಚನೆಯಿದೆ. ಅವಕಾಶವಿರುವ ತಿಂಗಳಲ್ಲೂ ತಲೆಗೆ ಒಂದೇ ಸ್ನೂಕ್; ಚಾರ್ಟರ್ ನಡೆಸುವ ಕ್ಯಾಪ್ಟನ್ ತನ್ನ ಪಾಲೆಂದು ಇನ್ನೊಂದನ್ನು ಸೇರಿಸುವಂತಿಲ್ಲ. ಟಾರ್ಪನ್ ಅನ್ನು ಸಾಮಾನ್ಯವಾಗಿ ಬಿಡಲೇಬೇಕು, 40 ಇಂಚು ಮೀರಿದ ಟಾರ್ಪನ್ ಅನ್ನು ಫೋಟೋಕ್ಕಾಗಿ ನೀರಿನಿಂದ ಎತ್ತುವುದೂ ತಪ್ಪು. ಈ ಅಂಕಿಗಳನ್ನು ರಾಜ್ಯದ ಮೀನು ಮತ್ತು ವನ್ಯಜೀವಿ ಆಯೋಗ ಆಗಾಗ ಪರಿಷ್ಕರಿಸುತ್ತದೆ. ರೆಡ್‌ಫಿಶ್‌ಗಾಗಿ 2022ರಿಂದ ರಾಜ್ಯವನ್ನು ಒಂಬತ್ತು ವಲಯಗಳಾಗಿ ಮಾಡಲಾಗಿದೆ. ಹೊರಡುವ ವಾರದಲ್ಲಿ ಆಯೋಗದ ಜಾಲತಾಣವನ್ನು ಒಮ್ಮೆ ನೋಡಿಕೊಂಡರೆ ಯಾವ ಮೀನು ಮನೆಗೆ ಬರಬಹುದು ಎಂಬುದು ಖಚಿತವಾಗುತ್ತದೆ.

ಬಿಡುವುದಕ್ಕೂ ಒಂದು ಕ್ರಮವಿದೆ

ಬಿಟ್ಟ ಮೀನು ಬದುಕಿದರೆ ಮಾತ್ರ ಈ ನಿಯಮಗಳಿಗೆ ಅರ್ಥವಿದೆ. ಮೀನಿನ ಮೈಮೇಲಿರುವ ಲೋಳೆ ಅದನ್ನು ಸೋಂಕಿನಿಂದ ಕಾಪಾಡುತ್ತದೆ, ಒಣ ಕೈ ಅಥವಾ ಟವೆಲು ತಗುಲಿದರೆ ಅದು ಕಿತ್ತುಬರುತ್ತದೆ. ಆದ್ದರಿಂದ ಮುಟ್ಟುವ ಮೊದಲು ಕೈ ಒದ್ದೆ ಮಾಡಿಕೊಳ್ಳಬೇಕು. ದೊಡ್ಡ ಮೀನನ್ನು ದವಡೆಯಿಂದ ನೇತುಹಾಕಿ ಹಿಡಿದರೆ ಅದರ ಭಾರಕ್ಕೇ ಒಳಗಿನ ಅಂಗಗಳಿಗೆ ಪೆಟ್ಟಾಗುತ್ತದೆ. ಒಂದು ಕೈ ದವಡೆಗೆ, ಇನ್ನೊಂದು ಹೊಟ್ಟೆಯ ಕೆಳಗೆ ಕೊಟ್ಟು ಅಡ್ಡಡ್ಡಲಾಗಿ ಹಿಡಿಯಬೇಕು. ಕ್ಯಾಮೆರಾ ಸಿದ್ಧವಾಗುವವರೆಗೂ ಮೀನು ನೀರಿನಲ್ಲೇ ಇರಲಿ. ಬಿಡುವಾಗ ತಲೆಯನ್ನು ಹರಿವಿಗೆ ಎದುರಾಗಿ ಹಿಡಿದರೆ ಕಿವಿರುಗಳ ಮೂಲಕ ನೀರು ಹಾಯುತ್ತದೆ. ಬಾಲಕ್ಕೆ ಬಲ ಬಂದು ಅದು ಕೈಯನ್ನು ಒದೆಯುವುದು ಗೊತ್ತಾಗುತ್ತದೆ, ಆಗ ಹಿಡಿತ ಸಡಿಲಿಸಿದರೆ ಸಾಕು. ಮಕ್ಕಳಿಗೆ ಈ ಕೆಲಸವನ್ನು ಕ್ಯಾಪ್ಟನ್ ಕೈಹಿಡಿದು ಮಾಡಿಸುತ್ತಾನೆ. ನನ್ನ ದೃಷ್ಟಿಯಲ್ಲಿ ಇಡೀ ಪ್ರವಾಸದಲ್ಲಿ ಅವರಿಗೆ ಸಿಗುವ ಅತ್ಯುತ್ತಮ ಪಾಠ ಅದೇ.

ಕೆಲವು ಮೀನುಗಳನ್ನು ಪ್ರಯಾಣಿಕರು ಮುಟ್ಟದಿರುವುದೇ ಲೇಸು. ಸ್ನೂಕ್‌ನ ಕಿವಿರು ಮುಚ್ಚಳದ ಅಂಚು ಬ್ಲೇಡಿನಷ್ಟು ಹರಿತ. ಸಮುದ್ರದ ಕ್ಯಾಟ್‌ಫಿಶ್‌ನ ಬೆನ್ನು ಮತ್ತು ಪಕ್ಕದ ಮುಳ್ಳುಗಳಲ್ಲಿ ವಿಷವಿದ್ದು, ಚುಚ್ಚಿದರೆ ಗಂಟೆಗಟ್ಟಲೆ ಉರಿಯುತ್ತದೆ. ಬಿಟ್ಟ ಮೀನನ್ನು ಹಿಡಿಯಲು ಡಾಲ್ಫಿನ್‌ಗಳು ದೋಣಿಯ ಬಳಿ ಸುಳಿಯುವುದುಂಟು. ಅವಕ್ಕೆ ಆಹಾರ ಎಸೆಯುವುದು ಅಮೆರಿಕದ ಕಾನೂನಿನಡಿ ಅಪರಾಧ. ಅವು ಸುತ್ತಾಡುತ್ತಿರುವಾಗ ಕ್ಯಾಪ್ಟನ್ ಒಳ್ಳೆಯ ಜಾಗವನ್ನೂ ಬಿಟ್ಟು ಮುಂದೆ ಹೋಗಬಹುದು.

ಏನು ಒಯ್ಯಬೇಕು, ಮಳೆ ಬಂದರೆ ಏನು

ತೋಳು ಪೂರ್ತಿ ಮುಚ್ಚುವ ತೆಳು ಅಂಗಿ, ಟೋಪಿ, ಸನ್‌ಸ್ಕ್ರೀನ್, ಕುಡಿಯುವ ನೀರು, ತಿಂಡಿ ಬೇಕು. ಪೋಲರೈಸ್ಡ್ ಕನ್ನಡಕ ಇದ್ದರೆ ನೀರಿನ ಮೇಲಿನ ಪ್ರತಿಫಲನ ಕಡಿಮೆಯಾಗಿ ತಳದ ಹುಲ್ಲು, ಅದರ ಮೇಲೆ ಹಾಯುವ ಮೀನು ಸ್ಪಷ್ಟವಾಗಿ ಕಾಣುತ್ತದೆ. ಕಪ್ಪು ಅಡಿಯ ಬೂಟು ದೋಣಿಯ ಬಿಳಿ ನೆಲದಲ್ಲಿ ಗುರುತು ಬಿಡುವುದರಿಂದ ಬೇರೆ ಪಾದರಕ್ಷೆ ಹಾಕಿಕೊಳ್ಳಬೇಕು. ಬಾಳೆಹಣ್ಣು ಮಾತ್ರ ಒಯ್ಯಬೇಡಿ. ದೋಣಿಯಲ್ಲಿ ಬಾಳೆಹಣ್ಣಿದ್ದರೆ ಮೀನು ಸಿಗುವುದಿಲ್ಲವೆಂಬ ಹಳೆಯ ನಂಬಿಕೆ ಅಲ್ಲಿನ ಕ್ಯಾಪ್ಟನ್‌ಗಳಲ್ಲಿದೆ, ಅತಿಥಿಯಾಗಿ ಹೋದವರು ಅದನ್ನು ಗೌರವಿಸುವುದು ಚೆಂದ. 26 ಅಡಿಗಿಂತ ಚಿಕ್ಕ ದೋಣಿ ಚಲಿಸುತ್ತಿರುವಾಗ ಆರು ವರ್ಷದೊಳಗಿನ ಮಕ್ಕಳು ಜೀವರಕ್ಷಕ ಜಾಕೆಟ್ ತೊಟ್ಟಿರಲೇಬೇಕೆಂದು ಫ್ಲಾರಿಡಾ ಕಾನೂನು ಹೇಳುತ್ತದೆ. ಮಗುವಿನ ಅಳತೆಯ ಜಾಕೆಟ್ ದೋಣಿಯಲ್ಲಿದೆಯೇ ಎಂದು ಮೊದಲೇ ಕೇಳಿಕೊಳ್ಳಿ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಧ್ಯಾಹ್ನದ ಮೇಲೆ ಗುಡುಗು-ಸಿಡಿಲಿನ ಮಳೆ ಅಲ್ಲಿ ಸಾಮಾನ್ಯ. ಬಯಲು ನೀರಿನಲ್ಲಿ ದೋಣಿಯೇ ಎತ್ತರದ ವಸ್ತುವಾದ್ದರಿಂದ ಸಿಡಿಲಿನ ಸೂಚನೆ ಕಂಡರೆ ಕ್ಯಾಪ್ಟನ್ ತಕ್ಷಣ ದಡಕ್ಕೆ ತಿರುಗುತ್ತಾನೆ, ಆ ತೀರ್ಮಾನದ ಬಗ್ಗೆ ವಾದ ಸಲ್ಲದು. ಹವಾಮಾನದ ಕಾರಣ ಕ್ಯಾಪ್ಟನ್ ತಾನೇ ರದ್ದು ಮಾಡಿದರೆ ಮುಂಗಡ ಹಿಂದಿರುಗುತ್ತದೆಯೇ ಅಥವಾ ಬೇರೆ ದಿನ ಸಿಗುತ್ತದೆಯೇ, ನಾವು ರದ್ದು ಮಾಡಿದರೆ ಏನು ಎಂಬುದು ಒಬ್ಬೊಬ್ಬರಲ್ಲಿ ಒಂದೊಂದು ರೀತಿ ಇರುತ್ತದೆ. ಹಣ ಕಟ್ಟುವ ಮೊದಲು ಬರಹದಲ್ಲಿ ಪಡೆದುಕೊಳ್ಳುವುದು ಕ್ಷೇಮ. ಅದೇ ಸಮಯದಲ್ಲಿ ಕೋಸ್ಟ್ ಗಾರ್ಡ್ ಪರವಾನಗಿ ಮತ್ತು ವಿಮೆಯ ಬಗ್ಗೆಯೂ, ಶೌಚಾಲಯದ ವ್ಯವಸ್ಥೆಯ ಬಗ್ಗೆಯೂ ಸಂಕೋಚವಿಲ್ಲದೆ ಕೇಳಬಹುದು. ಚಿಕ್ಕ ಇನ್‌ಶೋರ್ ದೋಣಿಗಳಲ್ಲಿ ಹೆಚ್ಚಾಗಿ ಶೌಚಾಲಯ ಇರುವುದಿಲ್ಲ. ಹಿರಿಯರನ್ನು ಕರೆದೊಯ್ಯುವವರಿಗೆ ಇದು ಸಣ್ಣ ವಿಷಯವಲ್ಲ.

ದಡಕ್ಕೆ ಬಂದ ಮೇಲೆ

ಇಟ್ಟುಕೊಂಡ ಸ್ನೂಕ್, ರೆಡ್‌ಫಿಶ್, ಸೀಟ್ರೌಟ್‌ಗಳನ್ನು ದಡ ಮುಟ್ಟುವವರೆಗೂ ತಲೆ-ಬಾಲ ಸಮೇತ ಇಡಿಯಾಗಿಯೇ ಇಡಬೇಕು. ಅಧಿಕಾರಿಗಳು ತಡೆದಾಗ ಉದ್ದ ಅಳೆಯಲು ಸಾಧ್ಯವಾಗಲೆಂದು ಈ ನಿಯಮವಿದೆ. ದಡದಲ್ಲಿ ಮೀನು ಕೊಯ್ಯುವ ಕಟ್ಟೆ ಇರುತ್ತದೆ, ಹೆಚ್ಚಿನ ಕ್ಯಾಪ್ಟನ್‌ಗಳು ಅಲ್ಲಿ ಮುಳ್ಳು ತೆಗೆದು ತುಂಡು ಮಾಡಿ ಚೀಲಕ್ಕೆ ಹಾಕಿಕೊಡುತ್ತಾರೆ. ಅಲ್ಲಿನವರು ಎಸೆಯುವ ತಲೆ, ನಡುಮುಳ್ಳುಗಳು ಸಾರಿಗೆ ಬೇಕೆಂದರೆ ಕತ್ತಿ ಹಾಕುವ ಮೊದಲೇ ಹೇಳಬೇಕು. ಸೀಟ್ರೌಟ್‌ನ ಮಾಂಸ ಮೆತ್ತಗಿದ್ದು ಫ್ರೀಜರಿನಲ್ಲಿ ಸೊಗಸು ಕಳೆದುಕೊಳ್ಳುವುದರಿಂದ ಅಂದೇ ತವಾದ ಮೇಲೆ ಹುರಿಯುವುದು ಒಳ್ಳೆಯದು. ರೆಡ್‌ಫಿಶ್ ಮತ್ತು ಸ್ನ್ಯಾಪರ್ ಗಟ್ಟಿ ಮೀನುಗಳು. ಹುಳಿ-ಖಾರ ಹಾಕಿದ ಗಸಿಯಲ್ಲಿ ಒಡೆಯದೆ ನಿಲ್ಲುತ್ತವೆ. ಮೀನು ತಿನ್ನದ ಕುಟುಂಬಗಳು ಕಾಯ್ದಿರಿಸುವಾಗಲೇ ಒಂದನ್ನೂ ಇಟ್ಟುಕೊಳ್ಳದ ಪೂರ್ಣ ಕ್ಯಾಚ್ ಅಂಡ್ ರಿಲೀಸ್ ಪ್ರವಾಸ ಬೇಕೆಂದು ಕೇಳಬಹುದು. ಎಷ್ಟೋ ಕ್ಯಾಪ್ಟನ್‌ಗಳಿಗೆ ಅದೇ ಇಷ್ಟ. ಆಗ ಊಟದ ಮೀನಿಗಾಗಿ ಸಮಯ ಕಳೆಯುವ ಅಗತ್ಯವಿಲ್ಲದೆ, ಸ್ನೂಕ್ ಇಟ್ಟುಕೊಳ್ಳುವಂತಿಲ್ಲದ ಮೇ, ಜೂನ್ ತಿಂಗಳುಗಳಲ್ಲೂ ದೊಡ್ಡ ಸ್ನೂಕ್‌ಗಳಿರುವ ಕಡೆಗೆ ನೇರವಾಗಿ ಕರೆದೊಯ್ಯುತ್ತಾರೆ.